ಮಿಡಿ ಭರಣಿಯೊಳಗೆ ತುಕ್ಕು ಹಿಡಿದ ಕಲ್ಲು

ಮಗಳು ತೀರಿಕೊಂಡ ವರ್ಷ ನನಗೆ ಅಳುವೂ ಬರಲಿಲ್ಲ. ಜೋಮು ಹಿಡಿದ ಕಾಲಿನ ಹಾಗೆ ಇದ್ದೆ, ಚಿವುಟಿದರೂ ಗೊತ್ತಾಗದು. ಅವಳ ಮಗಳನ್ನು, ಹೈಸ್ಕೂಲಿಗೆ ಹೋಗುವ ಹುಡುಗಿಯನ್ನು, ಯಲ್ಲಾಪುರದಿಂದ ಸಿದ್ದಾಪುರದ ಹತ್ತಿರದ ನಮ್ಮ ಮನೆಗೆ ಕರೆತಂದಿದ್ದೆವು. ತಾಯಿ ಹೋದ ಮೇಲೆ ಅವಳು ಮಾತೇ ಬಿಟ್ಟಿದ್ದಳು. ಉಂಡೆಯಾ ಎಂದರೆ ತಲೆ ಆಡಿಸುವುದು, ಅಷ್ಟೇ. ಈ ಮಗು ಇನ್ನು ಮಾತಾಡುವುದೇ ಇಲ್ಲವೇನೋ ಎಂಬ ಹೆದರಿಕೆಯೊಂದೇ ನನ್ನೊಳಗೆ ಎಚ್ಚರವಾಗಿತ್ತು.

ಮಾವಿನ ಮಿಡಿಗೆ ಉಪ್ಪು ಹಾಕುವ ದಿನ, ಭಾರಕ್ಕೆ ಇಡಲು ಒಂದು ಕಲ್ಲು ತಾ ಎಂದೆ. ಗದ್ದೆಯ ಬದುವಿನಿಂದ ತಂದಳು. ಗಾತ್ರಕ್ಕೆ ಮೀರಿದ ತೂಕ. ಬೇರೆ ವರ್ಷವಾಗಿದ್ದರೆ ತಿರುಗಿಸಿ ನೋಡುತ್ತಿದ್ದೆ. ಆಗ ನೋಡಲಿಲ್ಲ, ತೊಳೆದು ಇಟ್ಟುಬಿಟ್ಟೆ.

ಕೆಲವು ವಾರದ ಮೇಲೆ ಮುಚ್ಚಳ ತೆಗೆದರೆ ಉಪ್ಪುನೀರು ಶಾಯಿಯಂತೆ ಕಪ್ಪು. ಮಿಡಿಯೂ ಕಪ್ಪು. ಕಲ್ಲಿನ ಮೈಯೆಲ್ಲ ಕೆಂಪು. ಸುಮ್ಮನೆ ನೋಡುತ್ತ ಕೂತೆ. ಬೇಸರವೂ ಆಗಲಿಲ್ಲ.

"ಅಮ್ಮಮ್ಮಾ, ಕಲ್ಲಿಗೂ ತುಕ್ಕು ಹಿಡೀತ?"

ಯಾರು ಕೇಳಿದ್ದು ಎಂದು ಹಿಂದೆ ತಿರುಗಿ ನೋಡಿದೆ. ಅವಳೇ! "ಎನಗೆ ಗೊತ್ತಿಲ್ಲೆ ತಂಗಿ, ನಿಮ್ಮ ಮಾಸ್ತರನ್ನ ಕೇಳು" ಎಂದೆ. ನಾನು ಓದಿದ್ದು ನಾಲ್ಕನೇ ಇಯತ್ತೆ.

ಪಕ್ಕದ ಮನೆಯವಳು ಬಂದು ಭರಣಿಯಲ್ಲಿ ಇಣುಕಿದಳು. "ಮಿಡಿ ಹಾಳಾಯ್ದು, ನೀ ಎಂತ ನೆಗ್ಯಾಡ್ತೆ ಮಾರಾಯ್ತಿ?" ನಾನು ನಗುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ.

ಕಲ್ಲನ್ನು ಹಳೆ ಪಂಚೆಯಲ್ಲಿ ಕಟ್ಟಿಕೊಂಡು ಶಾಲೆಗೆ ಹೋದ ಮೊಮ್ಮಗಳು ಸಂಜೆ ಓಡಿ ಬಂದಳು. ಚೀಲ ಇಳಿಸುವ ಮೊದಲೇ ಶುರು.

"ಇದು ಹಳೇ ಕಮ್ಮಾರಸಾಲೆಯ ಕಿಟ್ಟ ಅಡ, ಕಬ್ಬಿಣ ಕಾಸಿದಾಗ ಉಳಿಯ ಗಟ್ಟಿ. ಒಳಗೆ ಕಬ್ಬಿಣ ಇಪ್ಪದಕ್ಕೇ ತುಕ್ಕು ಹಿಡಿದು ಮಿಡಿ ಕಪ್ಪಾತಡ. ಆದ್ರೆ ಅರ್ಧ ಕಲ್ಲು, ಅರ್ಧ ಕಬ್ಬಿಣ ಇಪ್ಪದು ಆಕಾಶದಿಂದನೂ ಬೀಳ್ತಡ! ರಷ್ಯಾದ ಗುಡ್ಡದ ಮೇಲೆ ಒಬ್ಬ ಕಮ್ಮಾರಂಗೆ ಅಂಥ ದೊಡ್ಡ ಗುಂಡು ಸಿಕ್ಕಿತ್ತಡ. ಕಬ್ಬಿಣದ ತುಂಬ ಹಳದಿ ಹರಳು. ಮೇಲಿಂದ ಬಿದ್ದದ್ದು ಹೇಳಿರೆ ಆಗಿನ ಕಾಲದ ಪಂಡಿತರು ನಂಬಿದ್ವೇ ಇಲ್ಲೆ ಅಡ."

"ಮೇಲೆ ಅದನ್ನ ಮಾಡಿದವ್ರು ಯಾರೇ?"

"ಸಣ್ಣ ಸಣ್ಣ ಗ್ರಹ ಇತ್ತಡ. ಕಾದು ಕರಗಿದಾಗ, ತುಪ್ಪ ಕಾಸಿದ್ರೆ ಗಸಿ ತಳಕ್ಕೆ ಹೋಗ್ತಲಾ, ಹಾಂಗೆ ಕಬ್ಬಿಣ ನಡುವಿಗೆ ಇಳಿತಡ. ಕಲ್ಲು ಮೇಲೆ. ಆಮೇಲೆ ಒಂದಕ್ಕೊಂದು ಬಡಿದು ಒಡೆದು ಹೋತಡ. ಎರಡೂ ಬೆರೆತ ಜಾಗದ ಚೂರು ಅದು."

ನನಗೆ ಅರ್ಧ ತಿಳಿಯಿತು, ಅರ್ಧ ಇಲ್ಲ. ಇನ್ನೂ ಹೇಳು ಎಂದೆ. ಹೇಳಿದಳು. ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು, ಏಳಲಿಲ್ಲ.

ಮರುದಿನ ಇಬ್ಬರೂ ಸೇರಿ ಕಪ್ಪು ಮಿಡಿಯನ್ನು ಗೊಬ್ಬರಗುಂಡಿಗೆ ಸುರಿದೆವು. ಭರಣಿ ಬೋರಲು ಹಾಕುತ್ತ ಅವಳು ನಕ್ಕಳು.

"ಆಯಿ ಇದ್ದಿದ್ರೆ ನಿಂಗೆ ಚೊಲೋ ಬಯ್ತಿತ್ತು, ಅಮ್ಮಮ್ಮ."

ಅವಳ ಬಾಯಲ್ಲಿ ತಾಯಿಯ ಸುದ್ದಿ ಬಂದದ್ದು ಅದೇ ಮೊದಲು. ಜೋಮು ಬಿಡುವಾಗ ಕಾಲಿನಲ್ಲಿ ಇರುವೆ ಹರಿದ ಹಾಗಾಗುತ್ತದಲ್ಲ, ನನ್ನ ಎದೆಯೊಳಗೆ ಹಾಗೆ ಆಯಿತು. ಗುಂಡಿಯ ಪಕ್ಕದಲ್ಲೇ ಕೂತು ಅತ್ತೆ. ಅವಳೂ ಕೂತಳು, ಅತ್ತಳು. ಅಳುವಿನ ನಡುವೆಯೂ ಮುಂದಿನ ವರ್ಷ ಎಂಥ ಕಲ್ಲು ಇಡಬೇಕೆಂದು ಹೇಳುತ್ತಲೇ ಇದ್ದಳು.