ಮುಟ್ಟಿದ ಕಾಯಿ

ಮಹಬೂಬ ಸಾಹೇಬರ ಬಲಗೈ ಕುದುರೆಯತ್ತ ಚಾಚಿ, ನಡುವೆಯೇ ಸೋತು, ರಾಣಿಯ ಮೇಲೆ ಬಿದ್ದಿತು. ಗಂಗಾವತಿಯ ಚದುರಂಗ ಪಂದ್ಯಾವಳಿಯ ಕೊನೆಯ ಸುತ್ತು ಅದು, ಗೆದ್ದವರಿಗೆ ಪ್ರಶಸ್ತಿ.

“ಆಚಾರ್ರ, ನಾ ಕುದುರಿ ಹಿಡ್ಯಾಕ ಹೋದೆ. ಕೈ ಮಾತು ಕೇಳವಲ್ದು ನೋಡ್ರಿ,” ಎಂದರು. ಕಾರಟಗಿಯಲ್ಲಿ ದರ್ಜಿಯಾಗಿದ್ದ ಅವರೂ ನಾನೂ ಮೂವತ್ತು ವರ್ಷಗಳ ಎದುರಾಳಿಗಳು.

“ಮುಟ್ಟಿದ ಕಾಯಿ ನಡಸಬೇಕ್ರಿ ಸಾಹೇಬರ. ಹೋದ ವರ್ಷ ನೀವು ನನಗ ಬಿಟ್ರೇನು?” ಎಂದೆ.

ಅವರು ನಕ್ಕಂತೆ ಮಾಡಿ, ನಿಯಮಕ್ಕೆ ತಲೆಬಾಗಿ ರಾಣಿಯನ್ನೇ ನಡೆಸಿದರು. ಅದರ ಕಾವಲು ತಪ್ಪಿದ ಆನೆಯನ್ನು ನಾನು ಹೊಡೆದೆ. ಅನಂತರ ಅವರು ಎಡಗೈಯಿಂದಲೇ ಆಡತೊಡಗಿದರು. ಮುನಿಸಿನಿಂದ ಹಾಗೆ ಮಾಡುತ್ತಿದ್ದಾರೆಂದು ಬಗೆದು, ಮನಸ್ಸಿನಲ್ಲೇ ನಾರಾಯಣನ ನಾಮ ಜಪಿಸುತ್ತ, ಮಣೆಯಿಂದ ದೃಷ್ಟಿ ಕದಲಿಸದೆ ಆಡಿದೆ. ಒಂದು ಗಂಟೆಯ ಬಳಿಕ ಗೆದ್ದೆ. ಕೈಕುಲುಕಲು ಚಾಚಿದ ನನ್ನ ಕೈ ಹಾಗೆಯೇ ಉಳಿಯಿತು. ಅವರ ಬಲಗೈ ತೊಡೆಯಿಂದ ಏಳಲೇ ಇಲ್ಲ. ಆಗ ತಲೆಯೆತ್ತಿ ನೋಡಿದರೆ, ಅವರ ಬಾಯಿ ಒಂದು ಬದಿಗೆ ಸೊಟ್ಟಗಾಗಿತ್ತು.

ಆಸ್ಪತ್ರೆಯಲ್ಲಿ ವೈದ್ಯರು ಲಕ್ವಾ ಎಂದರು. “ಕೈ ಸೋತ ಕೂಡ್ಲೆ ಕರ್ಕೊಂಡು ಬರಬೇಕಿತ್ರಿ, ಅಜ್ಜಾರ. ಒಂದು ತಾಸು ಭಾಳ ಆತು,” ಎಂದರು. ಮೂರನೆಯ ದಿನ ಸಾಹೇಬರು ತೀರಿಕೊಂಡರು.

ಆ ಆಟದ ಪ್ರತಿಯೊಂದು ನಡೆಯೂ ನನಗೆ ಕಂಠಪಾಠವಾಗಿದೆ. ಆ ಒಂದು ಗಂಟೆ ಅವರ ಮುಖ ಹೇಗಿತ್ತೆಂಬುದು ಮಾತ್ರ ತಿಳಿಯದು. ನಾನು ನೋಡಿರಲೇ ಇಲ್ಲ. ಸಂಧ್ಯಾವಂದನೆಗೆ ಕುಳಿತಾಗ ಭಗವಂತನಿಗೆ ದಿನವೂ ಇದನ್ನೇ ಅರಿಕೆ ಮಾಡಿಕೊಳ್ಳುತ್ತೇನೆ.