ಕಡಲು ನೋಡುವ ಕೆಲಸ

ನಮ್ಮ ಭಾವನವರ ಹಣೆಯ ಬಲಗಡೆ, ಹುಬ್ಬಿನ ಮೇಲೆ, ಚರ್ಮ ಕಪ್ಪಗೆ ದಡ್ಡುಗಟ್ಟಿತ್ತು. ವಿಮಾನದ ಕಿಟಕಿಗೆ ಹಣೆ ಒತ್ತಿ ಒತ್ತಿ ಆದದ್ದು. ಆ ಕಿಟಕಿ ಬೋಗುಣಿಯ ಹಾಗೆ ಹೊರಕ್ಕೆ ಉಬ್ಬಿರುತ್ತದಂತೆ, ತಲೆ ತೂರಿಸಿದರೆ ನೇರ ಕೆಳಗಿನ ನೀರೂ ಕಾಣುತ್ತದಂತೆ. ಕಡಲಲ್ಲಿ ಕಳೆದುಹೋದವರನ್ನು ಹುಡುಕುವ ವಿಮಾನದಲ್ಲಿ ಕೂತು ನೀರು ನೋಡುವುದೇ ಅವರ ನೌಕರಿ. "ನೋಡೋದಕ್ಕೂ ಸಂಬಳ ಕೊಡ್ತಾರಾ ಭಾವ?" ಅಂತ ಮದುವೆಯಾಗಿ ಬಂದ ಹೊಸತರಲ್ಲಿ ನಾನು ನಕ್ಕಿದ್ದೆ. "ಹೂಂ ಕಣಮ್ಮ, ಮದ್ರಾಸಲ್ಲಿ ಏನೇನಕ್ಕೋ ಕೊಡ್ತಾರೆ" ಅಂತ ಅವರೂ ನಕ್ಕರು.

ಭಾವ ಎಂದರೆ ನನ್ನ ಗಂಡನ ಅಣ್ಣ. ಮದುವೆಯ ಗೋಜಿಗೆ ಹೋಗದೆ, ಮದ್ರಾಸಿನ ಪಳವಂತಾಂಗಲ್‌ನ ಬಾಡಿಗೆ ಮನೆಯಲ್ಲಿ ನಮ್ಮ ಜೊತೆಗೇ ಇದ್ದರು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಆಫೀಸಿನ ವ್ಯಾನು ಬಂದು ಕೆಳಗಿನಿಂದ ಡ್ರೈವರು "ಸಾರ್, ವಂಡಿ ವಂದಾಚು" ಎಂದು ಕೂಗಿದರೆ ಅರ್ಧ ಇಡ್ಲಿ ತಟ್ಟೆಯಲ್ಲೇ ಬಿಟ್ಟು ಇಳಿಯುತ್ತಿದ್ದರು. ಸಂಜೆ ಬಂದವರು ಕಣ್ಣಿಗೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗುತ್ತಿದ್ದರು. ಸಿಕ್ಕಿದರೋ ಇಲ್ಲವೋ ಅಂತ ನಾವು ಕೇಳುತ್ತಿರಲಿಲ್ಲ. ಸಿಕ್ಕಿದ್ದರೆ ಎದ್ದು ಕಾಫಿ ಕೇಳುತ್ತಿದ್ದರು, ಅಷ್ಟೇ. ಎಷ್ಟೋ ದಿನ ಕಾಫಿ ಕೇಳುತ್ತಿರಲಿಲ್ಲ.

ಭಾನುವಾರ ಮಾತ್ರ ಬೇರೆ ಮನುಷ್ಯ. ನಾನು ಸೊಪ್ಪು ಬಿಡಿಸುತ್ತಿದ್ದರೆ ಪಕ್ಕದಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಾ ವಿಮಾನದ ಕಥೆ ಶುರು ಮಾಡುತ್ತಿದ್ದರು. ಮಹಾಯುದ್ಧದ ಕಾಲದಲ್ಲಿ ರೆಡ್‌ಹಿಲ್ಸ್ ಕೆರೆಯ ನೀರಿನ ಮೇಲೇ ಇಳಿದು ಏಳುವ ವಿಮಾನಗಳಿದ್ದವಂತೆ, ಹೊಟ್ಟೆ ದೋಣಿಯ ಹಾಗೆ. "ಕಡಲು ಸಾಧುವಾಗಿದ್ರೆ ಅಲ್ಲೇ ಇಳಿದು, ಕೈ ಹಿಡಿದು ಎಳ್ಕೊಂಡು ಬರೋವು. ಅದಮ್ಮ ವಿಮಾನ ಅಂದ್ರೆ! ಅಲೆ ಎದ್ದಿದ್ರೆ ಮಾತ್ರ ಅದೂ ಮುಳುಗೋದೇ." ಆಮೇಲೆ ಹೆಲಿಕಾಪ್ಟರ್ ಬಂತು, ಹಗ್ಗ ಬಿಟ್ಟು ಎತ್ತುತ್ತದೆ, ಆದರೆ ತುಂಬ ದೂರ ಹೋಗಲಾರದು. ಇವರದು ಎರಡು ಇಂಜಿನ್ನಿನ ವಿಮಾನ, ದೂರ ಹೋಗುತ್ತದೆ, ಎತ್ತಲಾರದು. ಕಂಡವರಿಗೆ ಗಾಳಿ ತುಂಬಿದ ತೆಪ್ಪ ಎಸೆದು, ಹತ್ತಿರದ ಹಡಗಿಗೆ ಹೇಳಿ, ತಿರುಗಿ ಬರಬೇಕು. "ನಮ್ಮದು ಬರೀ ನೋಡಿ ಹೇಳೋ ಜಾತಿ" ಎನ್ನುತ್ತಿದ್ದರು.

ನನ್ನ ತಮ್ಮ ಆಗ ಒಂದು ಸಣ್ಣ ಸರಕು ಹಡಗಿನ ಇಂಜಿನ್ ರೂಮಿನಲ್ಲಿದ್ದ. ಹಡಗು ಬದಲಾಯಿಸಿದ್ದನ್ನು ಮನೆಗೆ ತಿಳಿಸಿರಲಿಲ್ಲ, ಸೋಮಾರಿ. ಒಂದು ಸಂಜೆ ಕಂಪನಿಯವರು ಫೋನು ಮಾಡಿದರು: ಅಂಡಮಾನಿನ ದಾರಿಯಲ್ಲಿ ಹಡಗು ಮುಳುಗಿದೆ, ಹುಡುಕುತ್ತಿದ್ದಾರೆ. ಭಾವ ಆಗಷ್ಟೇ ಬಂದು ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದರು. ಹಡಗಿನ ಹೆಸರು ಕೇಳಿ ಎದ್ದು ಕೂತರು. ಅವರು ಹಗಲೆಲ್ಲ ಹುಡುಕಿ ಬಂದದ್ದು ಅದೇ ಹಡಗಿನವರನ್ನು.

ಮರುದಿನ ವ್ಯಾನು ಬಂದಾಗ ಅವರು ಇಳಿದುಹೋಗಿ ಡ್ರೈವರಿಗೆ ಏನೋ ಹೇಳಿ ವಾಪಸ್ಸು ಬಂದರು. ನನಗೆ ಮೈಯೆಲ್ಲ ಉರಿದುಹೋಯಿತು. "ಊರವರನ್ನೆಲ್ಲ ಹುಡುಕ್ತೀರಿ, ನನ್ನ ತಮ್ಮ ಅಂದ್ರೆ ಮನೇಲಿ ಕೂರ್ತೀರಾ?" ಅಂತ ಕಿರುಚಿದೆ.

"ಸ್ವಂತದವರು ಕಿಟಕೀಲಿ ಕೂರಬಾರದಮ್ಮ. ನಮ್ಮಲ್ಲಿ ಹಾಗೇ ನಡ್ಕೊಂಡು ಬಂದಿದೆ. ನೊರೆ ಕಂಡ್ರೂ ತಲೆ ಅನ್ಸುತ್ತೆ. ಅದನ್ನೇ ಸುತ್ತಿ ಸುತ್ತಿ ಇಂಧನ ಮುಗಿದುಹೋಗುತ್ತೆ. ನನಗಿಂತ ಒಳ್ಳೇ ಕಣ್ಣಿನವನು ಹೋಗಿದಾನೆ."

ಆ ದಿನ ಮನೆಯ ಅಡುಗೆ ಅವರೇ ಮಾಡಿದರು. ಯಾರೂ ಉಣ್ಣಲಿಲ್ಲ. ಮಧ್ಯಾಹ್ನ ಕಳೆದ ಮೇಲೆ ಫೋನು ಬಂತು. ಹಲಗೆಯೊಂದನ್ನು ಅಪ್ಪಿಕೊಂಡಿದ್ದ ಒಬ್ಬ ಸಿಕ್ಕಿದ್ದಾನೆ, ಜೀವ ಇದೆ, ನನ್ನ ತಮ್ಮನೇ. ಭಾವ ಗೋಡೆಗೆ ಒರಗಿ ಮಕ್ಕಳ ಹಾಗೆ ಅತ್ತರು.

ಆಸ್ಪತ್ರೆಯಿಂದ ಬಂದ ತಮ್ಮನಿಗೆ ಒಂದು ಭಾನುವಾರ ಹಬ್ಬದಡುಗೆ ಮಾಡಿದ್ದೆ. ಎಲೆಯ ಮುಂದೆ ಕೂತವನು ಬಾಯಿಗೆ ಬಂದದ್ದನ್ನು ಹೇಳುತ್ತಾ ಹೋದ. "ಮೊದಲ್ನೇ ದಿನಾನೂ ವಿಮಾನ ಬಂದಿತ್ತು ಕಣಕ್ಕ. ಬಲಗಡೆ ರೆಕ್ಕೆ ಕೆಳಗೇ ಇದ್ವಿ, ನಾನು, ನಮ್ಮ ಹಡಗಿನ ಅಡುಗೆಯವನು. ಅಂಗಿ ಬೀಸಿದ್ವಿ. ಹಾಗೇ ಹೊರಟುಹೋಯ್ತು. ಬೆಳಗಾಗೋ ಹೊತ್ತಿಗೆ ಅಡುಗೆಯವನು ಇರಲಿಲ್ಲ."

ಭಾವ ಕಲಸಿದ ಅನ್ನ ಹಾಗೇ ಬಿಟ್ಟರು. "ಬಲಗಡೆ ಕಿಟಕೀಲಿ ನಾನಿದ್ದೆ" ಅಂದರು.

"ಬಿಸಿಲು ಕಣ್ಣಿಗೆ ಹೊಡೀತಿತ್ತೇನೋ ಬಿಡಣ್ಣ" ಅಂತ ನನ್ನ ಗಂಡ ಸಮಾಧಾನಕ್ಕೆ ಹೇಳಿದರು.

"ಇಲ್ಲ. ಬಿಸಿಲು ಬೆನ್ನ ಹಿಂದೆ ಇತ್ತು."

ಅಲ್ಲಿಗೆ ಭಾನುವಾರದ ಕಥೆಗಳು ನಿಂತವು. ಕೆಲಸ ಬಿಡಲಿಲ್ಲ, ನಿವೃತ್ತಿಯವರೆಗೂ ಹೋದರು, ಬಂದರು, ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದರು. ಸಿಕ್ಕಿದ ದಿನವೂ ಕಾಫಿ ಕೇಳುವುದನ್ನು ಬಿಟ್ಟರು. ವಿಮಾನಗಳಿಗೆ ಹೊಸ ರೇಡಾರು, ಕತ್ತಲಲ್ಲೂ ಕಾಣುವ ಕ್ಯಾಮೆರಾ ಬರುತ್ತಿವೆ ಎಂದು ಪೇಪರಿನಲ್ಲಿ ಓದಿ ಹೇಳಿದರೆ, "ಬರಲಿ ಬಿಡಮ್ಮ, ಕಣ್ಣನ್ನ ನಂಬಿದ್ದು ಸಾಕು" ಎಂದು ಮಗ್ಗುಲು ಬದಲಿಸುತ್ತಿದ್ದರು. ನನ್ನ ತಮ್ಮ ರಜೆಗೆ ಬಂದಾಗಲೆಲ್ಲ ಅವರ ಪಕ್ಕ ಹೋಗಿ ಕೂರುತ್ತಿದ್ದ. ಇಬ್ಬರೂ ಟಿವಿ ನೋಡುತ್ತಿದ್ದರು. ಅದನ್ನು ನೋಡಿ ನೋಡಿ ನನಗೇ ಸುಸ್ತಾಗುತ್ತಿತ್ತು. ಯಾರಾದರೂ ಒಬ್ಬರು ಬೈದುಬಿಡಬಾರದೇ ಅನ್ನಿಸುತ್ತಿತ್ತು.

ನಿವೃತ್ತಿಯಾಗಿ ಕೆಲವೇ ವರ್ಷಕ್ಕೆ, ಒಂದು ಮಧ್ಯಾಹ್ನ ಊಟ ಮುಗಿಸಿ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಹೃದಯ ನಿಂತಿತ್ತು. ತಮ್ಮನ ಹಡಗು ಆಗ ವಿಶಾಖಪಟ್ಟಣದಲ್ಲಿತ್ತು. ಅವನು ರೈಲು ಹಿಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೆಟ್ಟಿಲ ಮೇಲೆ ಕೂತು ಶೂ ಕೂಡ ಬಿಚ್ಚದೆ ಹೇಳಿದ:

"ಅಕ್ಕ, ಆ ವಿಮಾನ ಬರದೆ ಇದ್ದಿದ್ರೆ ಆ ಸಂಜೇನೇ ಹಲಗೆ ಬಿಟ್ಟುಬಿಡ್ತಿದ್ದೆ. ಸದ್ದು ಕೇಳ್ತಲ್ಲ, ನಮ್ಮನ್ನ ಹುಡುಕೋರು ಇದಾರೆ, ನಾಳೆ ಮತ್ತೆ ಬರ್ತಾರೆ ಅಂತಲೇ ರಾತ್ರಿಯೆಲ್ಲ ಹಿಡ್ಕೊಂಡಿದ್ದೆ. ಭಾವನೋರು ನೋಡದೇ ಹೋದ ವಿಮಾನವೇ ನನ್ನ ಉಳಿಸಿದ್ದು."

"ಇದನ್ನ ಅವರಿಗೆ ಹೇಳಿದ್ಯೇನೋ?"

ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ. "ನಾನು ಬಾಯಿ ತೆಗೆದಾಗೆಲ್ಲ ಅಡುಗೆಯವನು ಹೇಗೆ ಹೋದ ಅಂತ ಕೇಳೋರು. ವಿಮಾನ ನೋಡದೆ ಹೊರಟುಹೋಯ್ತಲ್ಲ, ಇನ್ನು ಯಾರೂ ಬರಲ್ಲ ಅಂತ ಅವನು ಕೈಬಿಟ್ಟ ಅಕ್ಕ. ಒಂದು ಹೇಳಿ ಇನ್ನೊಂದು ಹೇಗೆ ಮುಚ್ಚಿಡಲಿ?"

ನನ್ನ ತಮ್ಮ ನನ್ನ ಕಣ್ಣ ಮುಂದೆ ಜೀವಂತ ಕೂತಿದ್ದ. ಅದಕ್ಕೆ ಕಾರಣರಾದವರು, ತಾವು ಆ ಹಡಗಿನ ಒಬ್ಬನನ್ನೂ ಉಳಿಸಲಿಲ್ಲ ಅಂದುಕೊಂಡೇ ಹೋಗಿಬಿಟ್ಟರು.