ಈ ಸಲ ನಾಲ್ಕೂ ರಿಬ್

ನನ್ನ ಗಂಡ ಬಟ್ಟೆ ಅಂಗಡಿಗೆ ಹೋದರೆ ಕೈಗೆ ಸಿಕ್ಕ ಮೊದಲ ಶರ್ಟನ್ನೇ ಎತ್ತಿಕೊಂಡು ಬರುವ ಮನುಷ್ಯ. ನನ್ನನ್ನು ನೋಡಲು ಬಂದಾಗಲೂ ತಟ್ಟೆಯ ಉಪ್ಪಿಟ್ಟು ಮುಗಿಯುವುದರೊಳಗೆ ಒಪ್ಪಿಗೆ ಹೇಳಿದ್ದರು. ಆದರೆ ಪಿಕಪ್ ಗಾಡಿಗೆ ಟೈರು ಆರಿಸುವಾಗ ಮಾತ್ರ ಅವರಿಗೆ ಎಲ್ಲಿಲ್ಲದ ತಾಳ್ಮೆ ಬರುತ್ತಿತ್ತು. ಹೊಸ ಟೈರಿನ ಮೇಲೆ ಅಂಗೈ ಆಡಿಸಬೇಕು, ಬದಿಯನ್ನು ಹೆಬ್ಬೆರಳಿನಿಂದ ಒತ್ತಬೇಕು, ಸಾಲದ್ದಕ್ಕೆ ಮೂಸಿಯೂ ನೋಡಬೇಕು. "ಹೆಣ್ಣು ನೋಡೋಕೆ ಬಂದಾಗ ಇದರಲ್ಲಿ ಅರ್ಧ ಗಮನ ಕೊಟ್ಟಿದ್ರೆ ನಾನು ಬಚಾವಾಗ್ತಿದ್ದೆ" ಎಂದು ರೇಗಿಸುತ್ತಿದ್ದೆ. "ನೀನು ಬಚಾವಾದೆ, ನಾನು ಸಿಕ್ಕಿಹಾಕ್ಕೊಂಡೆ" ಎನ್ನುತ್ತಿದ್ದರು.

ಅವರದು ಬೋರ್‌ವೆಲ್ ಮೋಟರ್ ಎತ್ತಿ ರಿಪೇರಿ ಮಾಡುವ ಕೆಲಸ. ಮಾರೇನಹಳ್ಳಿಯಲ್ಲಿ ನಮ್ಮ ಬಾಡಿಗೆ ಮನೆ, ಮನೆ ಮುಂದೆ ಪಿಕಪ್, ಅದರ ಹಿಂಬದಿಯಲ್ಲಿ ಕಬ್ಬಿಣದ ಕಂಬ, ರಾಟೆ, ಸರಪಳಿ, ಪೈಪು. ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿದ್ದ ಕಾಲ ಅದು. ಉಲ್ಲಾಳ, ಕೆಂಗೇರಿ ಕಡೆಗೆಲ್ಲ ಲೇಔಟುಗಳು ಏಳುತ್ತಿದ್ದವು. ಲೇಔಟ್ ಎನ್ನುವುದು ಹೆಸರಿಗೆ. ಸಾಲಾಗಿ ನೆಟ್ಟ ಕಲ್ಲುಗಳನ್ನು ಬಿಟ್ಟರೆ ಅಲ್ಲಿ ರಸ್ತೆಯ ಸುಳಿವೇ ಇರುತ್ತಿರಲಿಲ್ಲ. ನಲ್ಲಿ ನೀರು ಬರದ ಆ ಮನೆಗಳಲ್ಲಿ ಮೋಟರ್ ಕೈಕೊಟ್ಟರೆ ಜನ ನಮ್ಮವರಿಗೆ ಫೋನ್ ಮಾಡುತ್ತಿದ್ದರು. ಬೆಳಿಗ್ಗೆ ವಿಜಯನಗರದ ಟಾರು ರಸ್ತೆ, ಮಧ್ಯಾಹ್ನ ಉಲ್ಲಾಳದ ಕೆಮ್ಮಣ್ಣಿನ ಕೆಸರು, ಹೀಗೆ ಎರಡು ನೆಲದಲ್ಲೂ ಗಾಡಿ ಓಡಬೇಕಿತ್ತು.

ಅದಕ್ಕೇ ಅವರದೊಂದು ಕಟ್ಟಳೆ ಇತ್ತು. ಹಿಂದಿನ ಎರಡು ಚಕ್ರಕ್ಕೆ ಲಗ್, ಮುಂದಿನ ಎರಡಕ್ಕೆ ರಿಬ್. ಲಗ್ ಎಂದರೆ ದಪ್ಪ ಹಲ್ಲುಗಳ ಟೈರು. ಕೆಸರನ್ನು ಕಚ್ಚಿ ಹಿಡಿದು ಗಾಡಿಯನ್ನು ಮುಂದಕ್ಕೆ ನೂಕುತ್ತದೆ. ರಿಬ್ ಎಂದರೆ ಉದ್ದುದ್ದ ಗೆರೆಗಳ ಟೈರು. ಟಾರಿನ ಮೇಲೆ ಸದ್ದಿಲ್ಲದೆ ಓಡುತ್ತದೆ, ಸ್ಟೇರಿಂಗ್ ಹೇಳಿದ ಮಾತು ಕೇಳುತ್ತದೆ. ನಾಲ್ಕಕ್ಕೂ ರಿಬ್ ಹಾಕಿಸಿಕೊಂಡು ಉಲ್ಲಾಳಕ್ಕೆ ಬಂದು ಹೂತುಕೊಂಡವರನ್ನು ಇವರು ಸರಪಳಿ ಕಟ್ಟಿ ಎಳೆದು, ಜೊತೆಗೆ ಒಂದಿಷ್ಟು ಬೈದು ಕಳಿಸುತ್ತಿದ್ದರು. ಮದುವೆಯಾದಾಗಿನಿಂದ ಆ ಕಟ್ಟಳೆ ಒಮ್ಮೆಯೂ ತಪ್ಪಿರಲಿಲ್ಲ.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ಅವರಿಗೆ ಹೊಟ್ಟೆನೋವು ಶುರುವಾಯಿತು. ಮೊದಲು ಸೋಡಾ, ಆಮೇಲೆ ಮಾತ್ರೆ, ಕೊನೆಗೆ ಆಸ್ಪತ್ರೆ. ರಿಪೋರ್ಟು ಬಂದ ದಿನ ಬಸವೇಶ್ವರನಗರದಿಂದ ಅವರ ಅಣ್ಣನೂ ಬಂದಿದ್ದರು. ಇನ್ನೊಮ್ಮೆ ರಕ್ತ ಕೊಟ್ಟು ಬರಲು ಇವರನ್ನು ಹೊರಗೆ ಕಳಿಸಿ ಡಾಕ್ಟರು ನಮ್ಮಿಬ್ಬರನ್ನು ಕೂರಿಸಿಕೊಂಡರು. ಹೊಟ್ಟೆಯಲ್ಲಿ ಗಡ್ಡೆ ಇದೆ, ಲಿವರಿಗೂ ಹರಡಿದೆ, ಆಪರೇಷನ್ ಮಾಡುವ ಹಂತ ದಾಟಿದೆ, ವರ್ಷ ಕಾಣುವುದು ಕಷ್ಟ ಎಂದರು. ನನಗೆ ಕಣ್ಣೀರು ಕೂಡ ಬರಲಿಲ್ಲ.

ಭಾವನವರು ಆಸ್ಪತ್ರೆಯ ಕಾರಿಡಾರಿನಲ್ಲೇ ತೀರ್ಮಾನ ಕೊಟ್ಟುಬಿಟ್ಟರು. "ಅವನಿಗೆ ಹೇಳೋದು ಬೇಡಮ್ಮ. ಹೇಳಿದ್ರೆ ಧೈರ್ಯಗೆಟ್ಟೇ ಹೋಗಿಬಿಡ್ತಾನೆ. ಅಲ್ಸರ್ ಅಂತ ಹೇಳೋಣ." ಡಾಕ್ಟರಿಗೂ ಅದನ್ನೇ ಹೇಳಿ ಬಂದರು. ನಮ್ಮ ಕಡೆಯ ಮನೆಗಳಲ್ಲಿ ಇದೇನೂ ಹೊಸದಲ್ಲ. ದೊಡ್ಡ ಕಾಯಿಲೆ ಬಂದರೆ ಅದು ಬೀದಿಗೆಲ್ಲ ಗೊತ್ತಿರುತ್ತದೆ, ಕಾಯಿಲೆಯವರಿಗೆ ಒಬ್ಬರಿಗೆ ಬಿಟ್ಟು. ಅದನ್ನು ನಾವು ಪ್ರೀತಿ ಎನ್ನುತ್ತೇವೆ. ಆ ಕ್ಷಣಕ್ಕೆ ನನಗೂ ಅದು ಪ್ರೀತಿಯಂತೆಯೇ ಕಂಡಿತು, ತಲೆಯಾಡಿಸಿದೆ.

ಅಲ್ಲಿಂದ ಬೇಸಿಗೆಯುದ್ದಕ್ಕೂ ನಾನು ಅಲ್ಸರಿನ ಅಡುಗೆ ಮಾಡಿದೆ. ಖಾರವಿಲ್ಲದೆ ತುತ್ತು ಎತ್ತದ ಮನುಷ್ಯನಿಗೆ ಸಪ್ಪೆ ಸಾರು, ಮಜ್ಜಿಗೆ ಅನ್ನ, ಬೇಯಿಸಿದ ಸೋರೆಕಾಯಿ. ಅವರು ಮುಖ ಸಿಂಡರಿಸಿಕೊಂಡೇ ಉಂಡು, "ಇವತ್ತು ಪರವಾಗಿಲ್ಲ ಕಣೇ, ಅಲ್ಸರ್ ಕಮ್ಮಿ ಆಗ್ತಾ ಇದೆ" ಎನ್ನುತ್ತಿದ್ದರು. "ಹೂಂ, ಮುಖದಲ್ಲೂ ಕಳೆ ಬಂದಿದೆ" ಎಂದು ನಾನೂ ನಗುತ್ತಿದ್ದೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅಳುತ್ತಿದ್ದೆ. ಹೈಸ್ಕೂಲಿನಲ್ಲಿದ್ದ ಮಗಳು ನೀರು ಯಾಕಮ್ಮ ಇಷ್ಟು ಪೋಲು ಮಾಡ್ತೀಯ ಎಂದು ಕೂಗುತ್ತಿದ್ದಳು.

ಮೇ ಮುಗಿಯುತ್ತಾ ಬಂದಾಗ ಅವರು ಗಾಡಿಯ ಟೈರುಗಳನ್ನು ನೋಡಿ, ಪೂರ್ತಿ ಬೋಳಾಗಿವೆ, ಮಳೆ ಹಿಡಿಯುವ ಮುಂಚೆ ಬದಲಾಯಿಸಬೇಕು ಎಂದರು. ಆಗಲೇ ವಾರಕ್ಕೆ ಎರಡು ಕೆಲಸ ಹಿಡಿದರೆ ಹೆಚ್ಚು ಎನ್ನುವ ಹಾಗಾಗಿದ್ದರು. ಈ ಸುದ್ದಿ ಹೇಗೋ ಭಾವನವರಿಗೆ ತಲುಪಿ ನನಗೆ ಫೋನ್ ಬಂತು. "ಹೊಸ ಟೈರ್ ಯಾಕಮ್ಮ ಈಗ? ಹಳೇದಕ್ಕೇ ರಿಸೋಲ್ ಹಾಕಿಸಿದ್ರೆ ಸಾಕಲ್ವಾ. ನೀನೇ ಏನಾದ್ರೂ ಹೇಳಿ ಒಪ್ಸು." ಸವೆದ ಟೈರಿನ ಮೇಲೆ ಹೊಸ ರಬ್ಬರು ಅಂಟಿಸುವುದಕ್ಕೆ ರಿಸೋಲ್ ಎನ್ನುತ್ತಾರೆ, ಒಂದು ಆರೇಳು ತಿಂಗಳಿಗೆ ಮೋಸವಿಲ್ಲ. ಆ ಆರೇಳು ತಿಂಗಳು ಯಾಕೆ ಸಾಕು ಎಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. "ಆಯ್ತು ಭಾವ" ಎಂದು ಫೋನ್ ಇಟ್ಟೆ.

ಟೋಲ್‌ಗೇಟ್ ಹತ್ತಿರದ ಟೈರು ಅಂಗಡಿಗೆ ಅವತ್ತು ನಾನೂ ಹಟ ಮಾಡಿ ಹೋದೆ. ರಿಸೋಲ್ ವಿಷಯ ಎತ್ತಲೇಬಾರದು, ಅಂಗಡಿಯಲ್ಲಿರುವ ಅತಿ ಗಟ್ಟಿ ಟೈರು ಹಾಕಿಸಬೇಕು ಎಂದು ಮನಸ್ಸು ಗಟ್ಟಿಮಾಡಿಕೊಂಡಿದ್ದೆ. ಟೈರು ಸವೆಯುವ ತನಕ ಸವೆಸುವವರೂ ಇರಲೇಬೇಕಲ್ಲ ಎಂಬ ಹುಚ್ಚು ಆಸೆ ತಲೆಗೆ ಹೊಕ್ಕಿತ್ತು. ಅದು ಹುಚ್ಚು ಎಂದು ಗೊತ್ತಿದ್ದೂ ಬಿಡಲಾಗಲಿಲ್ಲ.

"ಯಾವ್ದು ಜಾಸ್ತಿ ವರ್ಷ ಬಾಳಿಕೆ ಬರುತ್ತೆ?" ಎಂದು ಅಂಗಡಿಯವರನ್ನು ಕೇಳಿದೆ.

"ನಿಮ್ಮ ಓಡಾಟಕ್ಕೆ ಹಿಂದೆ ಲಗ್ಗೇ ಸರಿ ಅಕ್ಕ. ಇದು ನೋಡಿ, ಹಲ್ಲು ಎಷ್ಟು ದಪ್ಪ ಇದೆ. ಅಣ್ಣ ಯಾವಾಗ್ಲೂ ಹಾಕ್ಸೋದು ಇದನ್ನೇ."

"ಅದನ್ನೇ ಹಾಕಿ ಹಾಗಾದ್ರೆ."

ಇವರು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರು. ಎದ್ದು ಬಂದು ಅಂಗೈ ಆಡಿಸಲಿಲ್ಲ, ಮೂಸಲಿಲ್ಲ. ಕೂತಲ್ಲಿಂದಲೇ, "ಲಗ್ ಬೇಡ. ಈ ಸಲ ನಾಲ್ಕೂ ರಿಬ್ ಹಾಕು" ಎಂದರು.

ಅಂಗಡಿಯವರು ನಕ್ಕರು. "ಏನಣ್ಣ ತಮಾಷೆ? ಉಲ್ಲಾಳದ ಕೆಸರಿಗೆ ನಾಲ್ಕೂ ರಿಬ್ಬಾ? ನಿಮ್ಮನ್ನ ಎಳೆಯೋಕೆ ಯಾರು ಬರ್ತಾರೆ?"

"ಇನ್ಮೇಲೆ ಕೆಸರಿಗೆ ಹೋಗಲ್ಲ. ಟೌನಲ್ಲೇ ಓಡೋದು. ಗಾಡಿ ಹಗುರವಾಗಿ ಓಡ್ಬೇಕು, ಅಷ್ಟೇ."

"ನಿಮ್ಮ ಕೈಗೆ ಯಾಕಣ್ಣ ಹಗುರ?"

"ನಾನಲ್ಲ, ಇವಳು ಓಡಿಸ್ತಾಳೆ." ನನ್ನ ಕಡೆ ನೋಡದೆ ಹೇಳಿದರು. "ಡಾಕ್ಟರು ಭಾರ ಎತ್ತಬೇಡಿ ಅಂದಿದಾರೆ, ಅಲ್ಸರ್ ನೋಡು. ವಾಸಿ ಆಗೋ ತನಕ ಪೈಪ್ ಅಂಗಡಿಯವ್ರ ಮಾಲು ಸಾಗಿಸೋ ಬಾಡಿಗೆ ಹೊಡ್ಕೊಂಡಿರ್ಲಿ ಅಂತ."

ನನಗೆ ದಿಗಿಲಾಯಿತು. ಓಡಿಸಬೇಕು ಎನ್ನುವುದಕ್ಕಲ್ಲ. ನಾಲ್ಕು ದಿನದ ಹೊಟ್ಟೆನೋವಿಗೆ ಈ ಮನುಷ್ಯ ತನ್ನ ಗಾಡಿಯ ಟೈರಿನ ಕಟ್ಟಳೆಯನ್ನು ಮುರಿಯುವವರಲ್ಲ. ಮುರಿದರೆಂದರೆ ಉಲ್ಲಾಳಕ್ಕೆ ಇನ್ನೆಂದೂ ಹೋಗುವುದಿಲ್ಲ ಎಂದು ಅವರಿಗೆ ತಿಳಿದಿದೆ. ಆ ಯೋಚನೆ ಬಂತು, ಅದನ್ನು ಅಲ್ಲೇ ಅದುಮಿಟ್ಟೆ. ಅಂಗಡಿಯವರ ಮುಂದೆ ಮಾತ್ರ ಲಗ್ಗೇ ಬೇಕು ಎಂದು ಮಗುವಿನ ಹಾಗೆ ಜಗಳವಾಡಿದೆ. "ಸುಮ್ನಿರೇ, ನಿಂಗೇನು ಗೊತ್ತು ಟೈರಿನ ವಿಷಯ" ಎಂದರು. ನಾಲ್ಕೂ ರಿಬ್ ಕೂತವು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಊದುಬತ್ತಿ ತೋರಿಸಿ, ಅಂಗಡಿಯವರು ಹೊರಡಿ ಎಂದರು.

ಮನೆಗೆ ಹೋಗುತ್ತೇವೆ ಎಂದುಕೊಂಡಿದ್ದರೆ ಗಾಡಿ ಜ್ಞಾನಭಾರತಿಯ ಕಡೆ ತಿರುಗಿತು. ನಮ್ಮ ಕಡೆಯ ಜನ ಡ್ರೈವಿಂಗ್ ಕಲಿಯುವುದೆಲ್ಲ ಅಲ್ಲೇ. ಯೂನಿವರ್ಸಿಟಿ ಕ್ಯಾಂಪಸ್ಸಿನೊಳಗೆ ಖಾಲಿ ರಸ್ತೆಗಳು, ಎರಡೂ ಕಡೆ ಮರ, ಎಲ್ ಬೋರ್ಡು ತಗುಲಿಸಿಕೊಂಡು ತೆವಳುವ ನಾಲ್ಕಾರು ಕಾರು. ಮದುವೆಯ ಹೊಸದರಲ್ಲಿ ಅವರೇ ನನಗೆ ಲೈಸೆನ್ಸ್ ಮಾಡಿಸಿಕೊಟ್ಟಿದ್ದರು. ಅದು ಅಂದಿನಿಂದ ಬೀರುವಿನಲ್ಲೇ ಮಲಗಿತ್ತು. ಗಾಡಿ ನಿಲ್ಲಿಸಿ, ಇಳಿದು, ಹೊಟ್ಟೆ ಹಿಡಿದುಕೊಂಡು ಆ ಕಡೆಯಿಂದ ಬಂದು ನನ್ನನ್ನು ಸ್ಟೇರಿಂಗ್ ಮುಂದಕ್ಕೆ ಸರಿಸಿದರು.

ಮೊದಲು ಎರಡು ಸಲ ಗಾಡಿ ಕೆಮ್ಮಿ ಆಫ್ ಆಯಿತು. ಆಮೇಲೆ ಹೊರಟಿತು. ಅವರು ಪಕ್ಕದಲ್ಲಿ ಕೂತು ಒಂದೇ ಸಮನೆ ಹೇಳುತ್ತಾ ಹೋದರು. "ನೋಡಿದ್ಯಾ, ಒಂದೇ ಕೈಲಿ ತಿರುಗ್ತಾ ಇದೆ. ಕ್ಲಚ್ ಮೇಲೆ ಕಾಲು ಇಟ್ಕೊಂಡೇ ಓಡಿಸ್ಬೇಡ. ಬಾಡಿಗೆ ಒಪ್ಕೊಳೋ ಮುಂಚೆ ರೋಡ್ ಇದ್ಯಾ ಅಂತ ಕೇಳು, ಇಲ್ಲ ಅಂದ್ರೆ ಮುಲಾಜಿಲ್ದೆ ಬರಲ್ಲ ಅನ್ನು. ಪೈಪ್ ಲೋಡ್ ಮಾಡೋವಾಗ ನೀನು ಕೈ ಹಾಕ್ಬೇಡ, ಅವ್ರೇ ಹಾಕ್ಲಿ. ಆಮೇಲೆ ನಮ್ಮಣ್ಣ ಗಾಡಿ ಮಾರಿಬಿಡಮ್ಮ ಅಂತಾನೆ. ಮಾರ್ಬೇಡ."

ನಾನು ಬ್ರೇಕ್ ಒತ್ತಿದೆ. ಗಾಡಿ ಗಕ್ಕನೆ ನಿಂತಿತು.

"ಯಾವಾಗ ಅಂತಾರೆ?" ಎಂದು ಕೇಳಿದೆ.

ಅವರು ಕಿಟಕಿಯ ಗಾಜು ಇಳಿಸತೊಡಗಿದರು.

"ರೀ, ಅಲ್ಸರಿಗೆ ಯಾರಾದ್ರೂ ಗಾಡಿ ಮಾರ್ತಾರಾ? ಭಾವ ನನಗೆ ಅದನ್ನ ಯಾವಾಗ ಹೇಳ್ತಾರೆ?"

ಅವರು ನನ್ನ ಮುಖವನ್ನೇ ನೋಡಿದರು. ನಾನು ಹೆದರಿಲ್ಲ, ಆಶ್ಚರ್ಯಪಡುತ್ತಿಲ್ಲ ಎಂಬುದು ನಿಧಾನವಾಗಿ ಅವರಿಗೆ ಹೊಳೆದಿರಬೇಕು. "ನಿಂಗೆ ಗೊತ್ತಾ?" ಎಂದರು.

"ರಿಪೋರ್ಟ್ ಬಂದಾಗಲೇ ಗೊತ್ತು. ನಿಮಗೆ?"

"ನಂಗೂ ಅದೇ ವಾರ ಗೊತ್ತಾಯ್ತು." ಕೆಂಗೇರಿಯಲ್ಲಿ ಮೋಟರ್ ಕೆಲಸ ಎಂದು ಸುಳ್ಳು ಹೇಳಿ ಒಬ್ಬರೇ ಡಾಕ್ಟರ ಹತ್ತಿರ ಹೋಗಿದ್ದರಂತೆ. ಹೇಳುವ ತನಕ ಏಳುವುದಿಲ್ಲ ಎಂದು ಕೂತರಂತೆ. "ಹೇಳಿದ್ರು. ನನ್ನ ಹೆಂಡತಿಗೆ ಮಾತ್ರ ಗೊತ್ತಾಗೋದು ಬೇಡ, ತಡ್ಕೊಳಲ್ಲ ಅವ್ಳು, ಅಂತ ಕೈ ಮುಗ್ದೆ. ಡಾಕ್ಟರು ಹೂಂ ಅಂದ್ರು."

ಅಂದರೆ ಆ ಡಾಕ್ಟರು ಇಬ್ಬರ ಗುಟ್ಟನ್ನೂ ಇಟ್ಟುಕೊಂಡು, ಪ್ರತಿ ಸಲ ಹೋದಾಗಲೂ ನಮ್ಮಿಬ್ಬರನ್ನು ಅಕ್ಕಪಕ್ಕ ಕೂರಿಸಿ ಅಲ್ಸರಿನ ಪಥ್ಯ ಹೇಳಿ ಕಳಿಸಿದ್ದರು. ಅವರನ್ನು ಬೈದು ಏನು ಪ್ರಯೋಜನ? ಕೇಳಿಕೊಂಡವರು ನಾವೇ.

"ಹಾಗಾದ್ರೆ ಆ ಸಪ್ಪೆ ಸಾರು?" ನನ್ನ ಬಾಯಿಂದ ಮೊದಲು ಬಂದ ಮಾತು ಅದೇ.

"ನೀನು ಅಲ್ಸರ್ ಅಂತ ನಂಬ್ಕೊಂಡು ಅಷ್ಟು ಆಸ್ಥೆಯಿಂದ ಮಾಡ್ತಿದ್ದೆಯಲ್ಲ ಕಣೇ. ಬೇಡ ಅನ್ನೋದು ಹೇಗೆ? ನಿನಗೋಸ್ಕರ ಉಂಡೆ."

ನನಗೆ ನಗು ಬಂತು, ನಗುತ್ತಿರುವಾಗಲೇ ಸ್ಟೇರಿಂಗ್ ಮೇಲೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತೆ. ಅಷ್ಟು ತಿಂಗಳು ನಲ್ಲಿಯ ಸದ್ದಿನ ಹಿಂದೆ ಅತ್ತವಳು ಮೊದಲ ಬಾರಿ ಅವರ ಮುಂದೆ ಅತ್ತೆ. ಅವರೂ ಅಳುತ್ತಿದ್ದರು. ತಮಗೆ ಬಂದದ್ದಕ್ಕಲ್ಲ. "ಅಯ್ಯೋ, ಇಷ್ಟು ದಿನ ಒಬ್ಬಳೇ ಇಟ್ಕೊಂಡಿದ್ಯಲ್ಲೇ, ಒಬ್ಬಳೇ ಇಟ್ಕೊಂಡಿದ್ಯಲ್ಲೇ" ಎಂದು ನನ್ನ ಬೆನ್ನು ಸವರುತ್ತಾ ಅದನ್ನೇ ಹೇಳುತ್ತಿದ್ದರು. ನಾನು ಅವರಿಗೆ ಹೇಳಬೇಕೆಂದಿದ್ದ ಮಾತೂ ಅದೇ. ಎಲ್ ಬೋರ್ಡಿನ ಕಾರೊಂದು ಹಿಂದಿನಿಂದ ಬಂದು ಹಾರನ್ ಹೊಡೆಯಿತು, ನಾವು ಕದಲದಿದ್ದಾಗ ಸುತ್ತುಹಾಕಿಕೊಂಡು ಹೋಯಿತು.

ಮಾರನೆಯ ದಿನ ಖಾರ ಹಾಕಿ ಹುರುಳಿ ಬಸ್ಸಾರು ಮಾಡಿದೆ. ಅವರು ಎರಡು ತುತ್ತು ಉಂಡು ತಟ್ಟೆ ಸರಿಸಿದರು. ಅಷ್ಟು ಹೊತ್ತಿಗೆ ಹೊಟ್ಟೆ ಅದನ್ನು ತಡೆದುಕೊಳ್ಳುವ ಸ್ಥಿತಿ ದಾಟಿತ್ತು. ಭಾವನವರು ಬಂದು, ವಿಷಯ ತಿಳಿದು, "ನಾನು ಒಳ್ಳೇದಕ್ಕೇ ಅಂದ್ಕೊಂಡೆ ಕಣಮ್ಮ" ಎಂದು ಬಾಗಿಲಲ್ಲೇ ನಿಂತು ಅತ್ತರು. ಅವರು ಒಳ್ಳೆಯದಕ್ಕೇ ಮಾಡಿದ್ದು, ನನಗೆ ಗೊತ್ತು. ಎಲ್ಲರೂ ಒಳ್ಳೆಯದಕ್ಕೇ ಮಾಡಿದೆವು. ಆದರೂ ಯಾರದಾದರೂ ಮನೆಯಲ್ಲಿ "ಅವರಿಗೆ ಹೇಳೋದು ಬೇಡ" ಎಂಬ ಮಾತು ಕೇಳಿದರೆ ಇಂದಿಗೂ ನನಗೆ ಮೈಯೆಲ್ಲ ಉರಿಯುತ್ತದೆ. ಸಂಬಂಧ ಕೆಟ್ಟರೂ ಪರವಾಗಿಲ್ಲ ಎಂದು ಜಗಳ ಮಾಡಿ ಬಂದಿದ್ದೇನೆ.

ಮಳೆ ಹಿಡಿಯುವಷ್ಟರಲ್ಲಿ ಅವರು ಹಾಸಿಗೆ ಹಿಡಿದರು. ನಾನು ಬೆಳಿಗ್ಗೆ ಪೈಪ್ ಅಂಗಡಿಯ ಬಾಡಿಗೆ ಮುಗಿಸಿ ಮಧ್ಯಾಹ್ನ ಓಡಿ ಬರುತ್ತಿದ್ದೆ. ಇನ್ನು ಮುಚ್ಚಿಡುವುದೇನೂ ಇರಲಿಲ್ಲ. ಕೇಳಬೇಕಾದದ್ದು, ಹೇಳಬೇಕಾದದ್ದು ರಾಶಿ ಬಿದ್ದಿತ್ತು. ಆದರೆ ನೋವಿಗೆ ಕೊಡುತ್ತಿದ್ದ ಔಷಧ ಅವರನ್ನು ಎಚ್ಚರವಾಗಿರಲು ಬಿಡುತ್ತಿರಲಿಲ್ಲ. ಒಂದು ಮಾತು ಶುರುಮಾಡುತ್ತಿದ್ದರು, ಅರ್ಧದಲ್ಲೇ ರೆಪ್ಪೆ ಮುಚ್ಚುತ್ತಿತ್ತು. ಎಚ್ಚರವಾದಾಗ ಯಾವ ಮಾತು ಎಂದು ಅವರಿಗೇ ನೆನಪಿರುತ್ತಿರಲಿಲ್ಲ. ಬೇಸಿಗೆಯುದ್ದಕ್ಕೂ ಮಾತಾಡಬಲ್ಲ ಗಂಡ ನನ್ನ ಎದುರಿಗೇ ಕೂತಿದ್ದರು, ನಾನು ಅವರ ಜೊತೆ ಅಲ್ಸರಿನ ಬಗ್ಗೆ ಮಾತಾಡಿದ್ದೆ.

ಒಂದು ಮಧ್ಯಾಹ್ನ ಕಣ್ಣು ತೆರೆದು ನನ್ನನ್ನು ಗುರುತಿಸಿ ಕೈ ಹಿಡಿದುಕೊಂಡರು. "ಮೊದಲೇ ಇಬ್ರೂ ಹೇಳ್ಕೊಂಡಿದ್ದಿದ್ರೆ…" ಎಂದರು. ಹಾಗೆಯೇ ನಿದ್ದೆಗೆ ಜಾರಿದರು. ಮುಂದೇನು ಹೇಳುತ್ತಾರೋ ಎಂದು ಆ ಕೈ ಬಿಡಿಸಿಕೊಳ್ಳದೆ ಸಂಜೆಯವರೆಗೂ ಕಾದು ಕೂತೆ. ಮಗಳು ಸ್ಕೂಲಿನಿಂದ ಬಂದು ದೀಪ ಹಾಕಿದಳು. ಅವರು ಮತ್ತೆಂದೂ ಮಾತಾಡಲಿಲ್ಲ.